ಬಲಭುಜದ ಸೆರಗು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೇಳಲಿ. ಆ ಕೋಪ ಇಲ್ಲದೇ ಇದ್ದಿದ್ದರೆ ಹೆತ್ತೂರಿನ ಒಂದು ಮದುವೆಯ ನೆಗೆಟಿವ್‌ಗಳು ಇವತ್ತಿಗೂ ನಮ್ಮ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬದೊಳಗೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿದ್ದವು. ಹೆಗ್ಗದ್ದೆಯ ಒಬ್ಬ ಹೆಂಗಸು ಹೆತ್ತ ತಾಯಿಯ ಮುಖ ಹೇಗಿತ್ತೆಂದು ತಿಳಿಯದೆಯೇ ಇದ್ದುಬಿಡುತ್ತಿದ್ದರು. ಇದು ನಾನು ಗೆದ್ದ ಕಥೆ, ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ನನ್ನ ಅಪ್ಪ ಘಟ್ಟದ ಕೆಳಗಿನವರು. ಮಂಗಳೂರು ಕಡೆಯಿಂದ ಮೇಲೆ ಬಂದು ಸಕಲೇಶಪುರದ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವರು. ಸುತ್ತಲಿನ ಹಳ್ಳಿಗಳ ಮದುವೆ, ಎಸ್ಟೇಟಿನ ಗ್ರೂಪ್ ಫೋಟೋ, ನಮ್ಮ ಚರ್ಚಿನ ಮಕ್ಕಳ ಮೊದಲ ಪರಮಪ್ರಸಾದ ಎಲ್ಲಕ್ಕೂ ಅವರೇ ಹೋಗಬೇಕಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿ ಬಿಟ್ಟುಕೊಟ್ಟೆವು. ಕ್ಯಾಮೆರಾಗಳನ್ನು ನನ್ನ ತಮ್ಮ ಮಂಗಳೂರಿಗೆ ಒಯ್ದ. ನೆಗೆಟಿವ್ ತುಂಬಿದ ಡಬ್ಬಗಳು ನನ್ನ ಪಾಲಿಗೆ ಬಂದವು. ಬೂಷ್ಟು ಹಿಡಿಯದಿರಲಿ ಎಂದು ನಾನು ಅವನ್ನು ಅಡುಗೆಮನೆಯ ಒಲೆಯ ನೇರಕ್ಕಿರುವ ಅಟ್ಟದಲ್ಲಿ ಇಟ್ಟಿದ್ದೆ. ಅಪ್ಪ ಯಾವ ಕವರಿನ ಮೇಲೂ ಒಂದಕ್ಷರ ಬರೆದವರಲ್ಲ. ಯಾವ ಫಿಲ್ಮು ಯಾರ ಮನೆಯದು ಎಂಬುದೆಲ್ಲ ಅವರ ತಲೆಯಲ್ಲಿತ್ತು, ಅವರೊಂದಿಗೇ ಹೋಯಿತು.

ಕಾಫಿ ಕೊಯ್ಲು ಜೋರಾಗಿದ್ದ ಸಮಯದಲ್ಲಿ ಆ ಹೆಗ್ಗದ್ದೆಯ ಹೆಂಗಸು ನಮ್ಮ ಮನೆಗೆ ಬಂದರು. ಹೆಚ್ಚೂಕಡಿಮೆ ನನ್ನದೇ ವಯಸ್ಸು, ಅರವತ್ತು ದಾಟಿದವರು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ತೋಟದ ಕೆಂಪು ಮಣ್ಣು. ನಾನು ಕನ್ನಡ ಟೀಚರಾಗಿ ನಿವೃತ್ತಳಾದವಳು. ಅವರ ಮಕ್ಕಳಿಬ್ಬರೂ ನನ್ನ ಹತ್ತಿರ ಓದಿದ್ದರು, ಆ ಸಲುಗೆಯಲ್ಲೇ ಬಂದಿದ್ದರು. ಕೊಯ್ಲಿನ ಆಳುಗಳನ್ನು ಬಿಟ್ಟು ಈಕೆ ಪೇಟೆಗೆ ಬಂದಿದ್ದಾರೆಂದರೆ ವಿಷಯ ದೊಡ್ಡದೇ ಇರಬೇಕು ಎಂದುಕೊಂಡೆ. ಕಾಫಿ ಲೋಟ ಕೈಯಲ್ಲೇ ತಣ್ಣಗಾಗುತ್ತಿದ್ದರೂ ಅವರು ಕುಡಿಯಲಿಲ್ಲ.

"ಟೀಚರಮ್ಮ, ಹೆತ್ತೂರಲ್ಲಿ ನಮ್ಮ ಸೋದರಮಾವನ ಮದುವೆಗೆ ನಿಮ್ಮಪ್ಪಾರೇ ಫೋಟೋ ಹೊಡ್ದಿದ್ದಂತೆ. ಅದ್ರಲ್ಲಿ ನಮ್ಮವ್ವ ಅವ್ಳಂತೆ. ನನ್ನ ಕಂಕುಳಲ್ಲಿ ಎತ್ಕೊಂಡು ನಿಂತವ್ಳಂತೆ."

"ಆ ಮದುವೆಯ ಆಲ್ಬಮ್ ಇಲ್ಲವೇನ್ರೀ?" ಎಂದೆ.

"ಇತ್ತು ಕಣ್ರೀ. ಮಳೆಗಾಲದ ಥಂಡಿಗೆ ಹಾಳೆಹಾಳೆ ಅಂಟ್ಕೊಂಡ್ಬುಟ್ಟಿತ್ತು. ಬಿಡ್ಸಕ್ಕೆ ಹೋದ್ರೆ ಮುಖಗಳೇ ಕಿತ್ಕೊಂಡು ಬಂದ್ಬುಟ್ವು. ನಮ್ಮವ್ವಂದು ಬ್ಯಾರೆ ಫೋಟೋನೇ ಇಲ್ಲ. ನಂಗೆ ಹಲ್ಲು ಬರೋಕ್ ಮುಂಚೇನೆ ಜ್ವರ ಬಂದು ಹೋಗ್ಬುಟ್ಲು. ಅವ್ಳ ಮುಖ ಕಂಡೋರಲ್ಲಿ ಉಳ್ದಿರೋದು ನಮ್ಮ ದೊಡ್ಡವ್ವ ಒಬ್ಳೇ. ಅವ್ಳಿಗೂ ತೊಂಬತ್ತಾಗಾದೆ. ಕಣ್ಣು, ಬುದ್ಧಿ ಚೆನ್ನಾಗವೆ. ಆದ್ರೆ ಉಸಿರು ನಿಲ್ತಾ ಇಲ್ಲ. ಅವ್ಳು ಹೋದ್ಮೇಲೆ ಫೋಟೋ ಸಿಕ್ಕಿದ್ರೂ ಏನು ಬಂತು ಟೀಚರಮ್ಮ? ಇವ್ಳೇ ನಿಮ್ಮವ್ವ ಅಂತ ನಂಗೆ ಹೇಳೋರ್ಯಾರು?"

ದೊಡ್ಡವ್ವ, ಅಂದರೆ ಅವರ ತಾಯಿಯ ಅಕ್ಕ, ಆ ಮದುವೆಯ ಬಗ್ಗೆ ಒಂದೇ ಒಂದು ಗುರುತು ಹೇಳಿದ್ದರಂತೆ: ಮದುಮಕ್ಕಳು ಬಂದ ಜೀಪಿನ ಮುಂದೆ ಎರಡೂ ಕಡೆ ಬಾಳೆಗಿಡ ಕಟ್ಟಿದ್ದರು. "ಹುಡುಕಿಕೊಡ್ತೀನಿ" ಎಂದುಬಿಟ್ಟೆ. ಅಟ್ಟದಲ್ಲಿ ಎಷ್ಟು ಡಬ್ಬಗಳಿವೆ ಎಂಬುದು ನೆನಪಾದದ್ದು ಅವರು ಗೇಟು ದಾಟಿದ ಮೇಲೆ.

ಸ್ಕ್ಯಾನರ್ ನನ್ನ ಹತ್ತಿರ ಇತ್ತು, ನಿವೃತ್ತಿಯಾದಾಗ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಕೆಳಗೆ ಗಾಜು, ಮೇಲೆ ಮುಚ್ಚಳ. ಮುಚ್ಚಳದೊಳಗೂ ಒಂದು ದೀಪ ಇರುವುದರಿಂದ ಫಿಲ್ಮಿನ ಮೂಲಕ ಬೆಳಕು ಹಾಯಿಸಿ ಚಿತ್ರ ತೆಗೆಯುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಫಿಲ್ಮನ್ನು ಸಿಕ್ಕಿಸಿ, ಧೂಳು ಊದಿ, ಒಂದೊಂದೇ ಚಿತ್ರವನ್ನು ನಿಧಾನಕ್ಕೆ ಸ್ಕ್ಯಾನ್ ಮಾಡಬೇಕು ಎಂಬುದು ಶಾಸ್ತ್ರ. ಆ ಶಾಸ್ತ್ರದ ಪಂಡಿತ ನನ್ನ ತಮ್ಮ. ಫೋನಿನಲ್ಲಿ ಅವನನ್ನು ಕೇಳಿದ್ದೇ ತಪ್ಪಾಯಿತು.

"ಅಕ್ಕಾ, ಅವಸರ ಮಾಡಿದರೆ ಎಲ್ಲ ಹಾಳು. ಒಂದು ಚಿತ್ರಕ್ಕೆ ಕಾಲು ಗಂಟೆಯಾದರೂ ಕೊಡು. ಅಪ್ಪನ ಕೆಲಸಕ್ಕೆ ಒಂದು ಮರ್ಯಾದೆ ಬೇಡವಾ?"

ನಮ್ಮ ಮನೆಮಾತು ಕೊಂಕಣಿ. ಜಗಳಕ್ಕೆ ಮಾತ್ರ ನಾನು ಕನ್ನಡ ಬಳಸುತ್ತೇನೆ, ಅಷ್ಟು ವರ್ಷ ಅದರಲ್ಲೇ ಮಕ್ಕಳನ್ನು ಗದರಿದ ಅಭ್ಯಾಸ. "ನಿನ್ನ ಲೆಕ್ಕದಲ್ಲಿ ಹೋದರೆ ಆ ಮುದುಕಿ ಮಾತ್ರ ಅಲ್ಲ, ನಾನೂ ಹೋಗಿರುತ್ತೇನೆ. ಮುಖ ಇದೆಯೋ ಇಲ್ಲವೋ ಅಂತ ಗೊತ್ತಾದರೆ ಸಾಕು ಕಣೋ. ನನಗೀಗ ಪುಸ್ತಕ ಬೇಡ, ಪರಿವಿಡಿ ಬೇಕು" ಎಂದು ಫೋನಿಟ್ಟೆ. ಹೇಳಿದ ಮೇಲೆ ಆ ಮಾತು ನನಗೇ ಹಿಡಿಸಿತು. ಹೌದಲ್ಲ, ಪರಿವಿಡಿ! ದಪ್ಪ ಪುಸ್ತಕದಲ್ಲಿ ಒಂದು ಪಾಠ ಬೇಕಿದ್ದರೆ ಯಾರಾದರೂ ಮೊದಲ ಪುಟದಿಂದ ಓದುತ್ತಾರೆಯೇ?

ಅವತ್ತೇ ಪ್ಲಾಸ್ಟಿಕ್ ಚೌಕಟ್ಟನ್ನು ಪಕ್ಕಕ್ಕಿಟ್ಟೆ. ಒಂದು ರೋಲಿನ ತುಂಡುಗಳನ್ನೆಲ್ಲ ನೇರವಾಗಿ ಗಾಜಿನ ಮೇಲೆ ಸಾಲಾಗಿ ಮಲಗಿಸಿ, ಸುರುಳಿ ಏಳದಂತೆ ಗೋಡೆಯ ಒಂದು ಫೋಟೋ ಫ್ರೇಮಿನಿಂದ ಬಿಚ್ಚಿದ ಗಾಜನ್ನು ಮೇಲೆ ಹೇರಿ, ಅತಿ ಕಡಿಮೆ ದರ್ಜೆಯಲ್ಲಿ ಒಂದೇ ಏಟಿಗೆ ಸ್ಕ್ಯಾನ್ ಒತ್ತಿದೆ. ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿದರೆ ಮುಗಿಯಿತು, ಇಡೀ ರೋಲು ಒಂದೇ ಹಾಳೆಯಲ್ಲಿ ಎದ್ದು ನಿಂತಿತು. ಮೊದಲ ಹಾಳೆ ಬಂದಾಗ ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಯಾರದೋ ನಾಮಕರಣ ಅದು, ಯಾರೆಂದು ಇವತ್ತಿಗೂ ಗೊತ್ತಿಲ್ಲ.

ನನ್ನ ಗಂಡ ಈ ಹಾಳೆಗಳಿಗೆ ಚಿತ್ರಾನ್ನ ಎಂದು ಹೆಸರಿಟ್ಟರು. ಊಟಕ್ಕೆ ಕೂತಾಗ, "ಇವತ್ತು ಎಷ್ಟು ತಟ್ಟೆ ಚಿತ್ರಾನ್ನ ಆಯ್ತು ಮಾರಾಯ್ತಿ? ಅನ್ನ ಏನಾದರೂ ಉಂಟಾ?" ಎಂದು ಕೇಳುತ್ತಿದ್ದರು. ಅನ್ನ ಕೆಲವು ಸಲ ಇರುತ್ತಿರಲಿಲ್ಲ ಎಂಬುದು ನಿಜ. ನನಗೆ ಹುಚ್ಚು ಹಿಡಿದಿತ್ತು. ಡಬ್ಬದ ಮೇಲೆ ಡಬ್ಬ ಮುಗಿಯುತ್ತಿದ್ದ ಹಾಗೆ ನಾನು ಹುಟ್ಟುವ ಮುಂಚಿನ ಸಕಲೇಶಪುರವೆಲ್ಲ ಪರದೆಯ ಮೇಲೆ ಹಾದುಹೋಯಿತು. ಎತ್ತಿನ ಗಾಡಿಯ ಮೇಲೆ ಕೂತ ಮದುಮಗಳು, ಕಣದಲ್ಲಿ ಒಣಗುವ ಕಾಫಿಯ ನಡುವೆ ಬೂಟು ಹಾಕಿಕೊಂಡು ನಿಂತ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಮೇಣದ ಬತ್ತಿ ಹಿಡಿದು ಅಳುತ್ತಿರುವ ಚರ್ಚಿನ ಹುಡುಗಿ. ಅಪ್ಪನ ಕೈಕೆಲಸ ಚಿಕ್ಕದಾಗಿ ನೋಡಿದಾಗಲೇ ನನಗೆ ಅರ್ಥವಾದದ್ದು. ಯಾವ ಮದುವೆಗೆ ಹೋದರೂ ಅವರು ಮೊದಲು ಊಟದ ಪಂಕ್ತಿಯ ಚಿತ್ರ ತೆಗೆಯುತ್ತಿದ್ದರು. ಹೊಟ್ಟೆ ತುಂಬಿದ ಮೇಲೆ ಜನ ಕ್ಯಾಮೆರಾಗೆ ಹೆದರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದದ್ದು ನೆನಪಿದೆ.

ಒಂದು ಬೆಳಿಗ್ಗೆ, ಎರಡನೇ ಕಪ್ ಕಾಫಿಯ ಹೊತ್ತಿಗೆ, ಬಾಳೆಗಿಡ ಕಟ್ಟಿದ ಜೀಪು ಬಂತು. ಆ ಹಾಳೆಯನ್ನು ದೊಡ್ಡದು ಮಾಡಿದೆ. ಪಂಕ್ತಿ, ಚಪ್ಪರ, ಮದುಮಕ್ಕಳು. ಹಾಳೆಯ ಕಡೆಯ ಸಾಲಿನ ಒಂದು ಚಿತ್ರದಲ್ಲಿ, ಚಪ್ಪರದ ಕಂಬಕ್ಕೆ ಒರಗಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಒಬ್ಬ ಎಳೆಯ ಹೆಂಗಸು ನೇರ ನನ್ನನ್ನೇ ನೋಡುತ್ತಿದ್ದಳು. ನಾನು ಕೂಗಿಕೊಂಡ ರಭಸಕ್ಕೆ ಹಿತ್ತಲಲ್ಲಿದ್ದ ಗಂಡ ಹಾವು ಬಂತೆಂದು ಕತ್ತಿ ಹಿಡಿದು ಓಡಿಬಂದರು.

ಮಸುಕಾಗಿದ್ದರೂ ಪರವಾಗಿಲ್ಲವೆಂದು ಆ ಒಂದು ಚಿತ್ರವನ್ನು ಹಾಳೆಯಷ್ಟು ದೊಡ್ಡದಾಗಿ ಮುದ್ರಿಸಿ, ಹೆಗ್ಗದ್ದೆಯಾಕೆಯನ್ನು ಬರಹೇಳಿ, ಮರುದಿನವೇ ಗಂಡ ಓಡಿಸುವ ನಮ್ಮ ಕಾರಿನಲ್ಲಿ ಹೆತ್ತೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವರು ಆ ಹಾಳೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡೇ ಇದ್ದರು. ನೋಡಿ ಎಂದರೆ, "ದೊಡ್ಡವ್ವ ಹೇಳ್ಲಿ, ಆಮೇಲೆ ನೋಡ್ತೀನಿ. ಮೊದ್ಲೇ ನೋಡಿ ಆಸೆ ಮಾಡ್ಕೊಂಡು, ಅವ್ಳು ಅಲ್ಲ ಅಂದ್ಬುಟ್ರೆ?" ಎಂದರು. ನಾನು ನಕ್ಕೆ. ಅಷ್ಟು ಖಾತ್ರಿಯಿತ್ತು ನನಗೆ.

ದೊಡ್ಡವ್ವ ಕಣದ ಅಂಚಿನಲ್ಲಿ ಬಿಸಿಲು ಕಾಯಿಸಿಕೊಂಡು, ಒಣಹಾಕಿದ ಕಾಫಿಗೆ ಬಾಯಿ ಹಾಕುವ ಕೋಳಿಗಳನ್ನು ಬೈಯುತ್ತ ಕೂತಿದ್ದರು. ಹಾಳೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಇವ್ಳು ನಮ್ಮೋಳಲ್ಲ ಕಣ್ ಮಗ. ಕೊಡಗ್ನೋಳು. ಸೆರಗು ನೋಡು, ಬಲಗಡೆ ಹಾಕವ್ಳೆ."

"ಅಜ್ಜಿ, ಅದೇ ಫಿಲ್ಮಿನಲ್ಲಿ ಜೀಪು, ಬಾಳೆಗಿಡ ಎಲ್ಲ ಇದೆಯಲ್ಲ?" ಎಂದೆ.

"ಬಾಳೆಗಿಡ ಯಾರ್ ಕಟ್ಟಲ್ಲವ್ವ? ಮುಖ ಏನೋ ಹಂಗೇ ಹೋಲ್ತದೆ. ಆದ್ರೆ ಏನೋ ಬ್ಯಾರೆ. ಏನೋ ಸರಿಯಿಲ್ಲ. ನನ್ ತಂಗಿ ಅಲ್ಲ ಬುಡು." ಹಾಳೆಯನ್ನು ನನ್ನ ಕೈಗೇ ಹಿಂದಕ್ಕೆ ಕೊಟ್ಟು ಕೋಳಿಗಳ ಕಡೆ ತಿರುಗಿದರು.

ನಾನು ಚಿತ್ರ ನೋಡಿದೆ. ಸೆರಗು ಬಲಭುಜದ ಮೇಲಿತ್ತು, ಅದರಲ್ಲಿ ಅನುಮಾನವೇ ಇರಲಿಲ್ಲ. ನಮ್ಮ ಕಡೆ ಅದನ್ನು ಕಂಡರೆ ಯಾರಿಗೂ ಆಶ್ಚರ್ಯವಿಲ್ಲ. ಹೆತ್ತೂರು ದಾಟಿ ಇನ್ನಷ್ಟು ಹೋದರೆ ಕೊಡಗು. ಅಲ್ಲಿನ ಹೆಂಗಸರು ಸೆರಗನ್ನು ಬಲಭುಜಕ್ಕೆ ಸಿಕ್ಕಿಸುವುದನ್ನು ನೋಡಿಕೊಂಡೇ ಬೆಳೆದವರು ನಾವು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯಲ್ಲಿ ಕಂಡ ಕೂಡಲೇ ಕೊಡಗಿನವರು ಅಂದುಕೊಂಡು ಸುಮ್ಮನಾಗುತ್ತೇವೆ. ನಾನೂ ಹಾಗೆಯೇ ಸುಮ್ಮನಾದೆ.

ಹೆಗ್ಗದ್ದೆಯಾಕೆ ಹೊರಡುವಾಗ ದೊಡ್ಡವ್ವನ ಕಂಬಳಿ ಸರಿಮಾಡಿ ಬಂದು ಕಾರಿನಲ್ಲಿ ಕೂತರು. ಅವರನ್ನು ಮನೆಗೆ ಬಿಡಲು ಸಕಲೇಶಪುರ ದಾಟಿ ಹೆದ್ದಾರಿ ಹಿಡಿದೆವು. ಆನೇಮಹಲ್ ಬರುವಷ್ಟರಲ್ಲಿ, "ಬುಡಿ ಟೀಚರಮ್ಮ. ಇಷ್ಟು ವರ್ಷ ಇಲ್ದೇ ಇದ್ದದ್ದು, ಇನ್ನು ಮೇಲೂ ಇಲ್ಲ ಅಂತ ಅಂದ್ಕೊಂಡ್ರಾಯ್ತು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಾಗೆ ಹೇಳಿದ್ದು ಎದೆಗೆ ಚುಚ್ಚಿತು.

ಮನೆಗೆ ಬಂದ ಮೇಲೂ ನನಗೆ ಕೊಡಗಿನ ಆ ಅಪರಿಚಿತ ಹೆಂಗಸಿನ ಮೇಲೆಯೇ ಸಿಟ್ಟು: ನಿನಗೇನು ಕೆಲಸವಿತ್ತು ತಾಯಿ ಆ ಕಂಬದ ಹತ್ತಿರ? ಬೆಳಿಗ್ಗೆ ಆ ರೋಲಿನ ತುಂಡುಗಳನ್ನು ಕವರಿಗೆ ತುರುಕುತ್ತಿದ್ದೆ. ಹಾಳೆ ಇನ್ನೂ ಪರದೆಯ ಮೇಲಿತ್ತು. ಗಂಡ ಲೋಟ ಹಿಡಿದು ಬಂದು, ಕನ್ನಡಕ ಮೇಲೇರಿಸಿ ನೋಡಿದರು.

"ಇದೇನು, ತೆಲುಗರ ಮದುವೆಯಾ?"

"ನಿಮ್ಮ ತಲೆ. ಯಾಕೆ?"

"ಚಪ್ಪರದ ಮೇಲೆ ಬಟ್ಟೆ ಕಟ್ಟಿದ್ದಾರಲ್ಲ, ಅದರಲ್ಲಿರುವ ಅಕ್ಷರ ಕನ್ನಡದ್ದಲ್ಲ. ಕನ್ನಡ ಟೀಚರು ನೀನು, ಓದು ನೋಡುವ."

ನೋಡಿದೆ. ಗುಂಡುಗುಂಡಾದ ನಾಲ್ಕು ಅಕ್ಷರ. ಕನ್ನಡದ ಹಾಗೇ ಇದೆ, ಆದರೆ ಒಂದೂ ಕನ್ನಡವಲ್ಲ. ತೆಲುಗೂ ಅಲ್ಲ. ಕೊನೆಯ ಅಕ್ಷರದ ಕೊಂಬು ಎಡಕ್ಕೆ ಬಾಗಿತ್ತು. ಕೊಂಬು ಎಡಕ್ಕೆ ಹಾಕಿದ ಮಕ್ಕಳಿಗೆ ನಾನು ಎಷ್ಟು ಸಲ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ಕೋಣೆಗೆ ಓಡಿ, ತಲೆ ಬಾಚುವ ಕನ್ನಡಿ ತಂದು ಪರದೆಗೆ ಹಿಡಿದೆ. ಕನ್ನಡಿಯೊಳಗೆ ಅಚ್ಚ ಕನ್ನಡದಲ್ಲಿ 'ಸುಸ್ವಾಗತ' ಎಂದಿತ್ತು.

ಆಮೇಲೆ ಕಂಡದ್ದೆಲ್ಲ ಅದೇ. ಪರದೆಯಲ್ಲಿ ಗಂಡಸರ ಅಂಗಿಯ ಜೇಬು ಬಲಗಡೆ, ಕೈಗಡಿಯಾರ ಬಲಗೈಯಲ್ಲಿ. ಇಡೀ ಮದುವೆಯನ್ನೇ ನಾನು ಹಿಂದುಮುಂದು ಮಾಡಿಟ್ಟಿದ್ದೆ! ಫಿಲ್ಮಿಗೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಗ್ಗುಲು ಮಂಕು. ಹೊಳೆಯುವ ಮಗ್ಗುಲು ಗಾಜಿಗೆ ತಾಗಬೇಕು. ಈ ರೋಲು ಥಂಡಿ ಹಿಡಿದು ಎರಡೂ ಮಗ್ಗುಲು ಒಂದೇ ಬಣ್ಣವಾಗಿತ್ತು. ಅವಸರದಲ್ಲಿ ಎಲ್ಲವನ್ನೂ ಮಗುಚಿ ಮಲಗಿಸಿದ್ದೆ. ಕನ್ನಡಿಯನ್ನು ಮೆಲ್ಲಗೆ ಕಡೆಯ ಸಾಲಿಗೆ ಸರಿಸಿದೆ. ಕಂಬಕ್ಕೆ ಒರಗಿದ ಹೆಂಗಸಿನ ಸೆರಗು ಎಡಭುಜದ ಮೇಲೆ, ನಮ್ಮ ಹೆಂಗಸರೆಲ್ಲ ಹೊದೆಯುವ ಹಾಗೆಯೇ ಇತ್ತು.

"ಗೆದ್ದೆ!" ಎಂದು ಕೂಗಿದೆ. ಗಂಡ, "ಗೆದ್ದದ್ದು ನಾನಲ್ಲವಾ?" ಎಂದರು. ಅವತ್ತು ಮಾತ್ರ ಒಪ್ಪಿಕೊಂಡೆ.

ತಮ್ಮನಿಗೆ ಫೋನ್ ಮಾಡಿದೆ. ಅವನು ನಗಬಹುದೆಂದು ಕಾದೆ, ನಗಲಿಲ್ಲ. "ಸಿಕ್ಕಿತಲ್ಲ ಅಕ್ಕಾ, ಇನ್ನು ನಿಧಾನಕ್ಕೆ ಮಾಡು" ಎಂದಷ್ಟೇ ಹೇಳಿ, ಎಲ್ಲೆಲ್ಲಿ ಏನೇನು ಒತ್ತಬೇಕೆಂದು ಹೇಳಿಕೊಟ್ಟ. ಈ ಸಲ ಪ್ಲಾಸ್ಟಿಕ್ ಚೌಕಟ್ಟನ್ನು ಹುಡುಕಿ ತಂದು, ಧೂಳು ಊದಿ, ಅವನ ಶಾಸ್ತ್ರದ ಪ್ರಕಾರವೇ ಕೂತೆ. ಹಾಗೆ ದೊಡ್ಡದಾಗಿ ನೋಡಿದಾಗಲೇ ಪಕ್ಕದ ಚಿತ್ರ ಕಣ್ಣಿಗೆ ಬಿತ್ತು. ಅದೇ ಕಂಬ, ಅದೇ ಹೆಂಗಸು, ಅದೇ ಕೂಸು. ಅಪ್ಪ ಅದನ್ನು ಒಂದು ಗಳಿಗೆ ಮುಂಚೆ ತೆಗೆದಿರಬೇಕು. ಹೆಂಗಸು ಕ್ಯಾಮೆರಾ ನೋಡಿರಲಿಲ್ಲ. ಅಂಥ ಚಿತ್ರವನ್ನು ಅಪ್ಪ ಕೆಟ್ಟದ್ದೆಂದೇ ಲೆಕ್ಕ ಹಾಕುತ್ತಿದ್ದರು. ಪ್ರಿಂಟ್ ಹಾಕುತ್ತಿರಲಿಲ್ಲ, ಇನ್ನೊಂದು ತೆಗೆಯುತ್ತಿದ್ದರು. ನಾನು ಎರಡನ್ನೂ ಎಳೆಎಳೆ ಕಾಣುವ ಹಾಗೆ ಸ್ಪಷ್ಟವಾಗಿ ಮುದ್ರಿಸಿದೆ.

ಹೆಗ್ಗದ್ದೆಯಾಕೆ ಮತ್ತೆ ಹೆತ್ತೂರಿಗೆ ಬರಲು ಸುಲಭಕ್ಕೆ ಒಪ್ಪಲಿಲ್ಲ. ಮನೆಯ ಬಾಗಿಲಲ್ಲೇ ನಿಂತು, "ಇನ್ನೊಂದ್ಸಲ ಅಲ್ಲ ಅನ್ನಿಸ್ಕೊಳ್ಳೋ ಶಕ್ತಿ ನಂಗಿಲ್ಲ" ಎಂದರು. ಕನ್ನಡಿಯ ವಿಷಯವನ್ನು ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು. ಕಡೆಗೆ ನಾನು ಕ್ಲಾಸಿನ ದನಿ ತೆಗೆದೆ: "ಏಳ್ರೀ, ಕಾರು ಹತ್ರೀ." ಹತ್ತಿದರು.

ದೊಡ್ಡವ್ವ ಅದೇ ಜಾಗದಲ್ಲಿದ್ದರು. ಕ್ಯಾಮೆರಾ ನೋಡುತ್ತಿರುವ ಚಿತ್ರವನ್ನು ಮೊದಲು ಕೊಟ್ಟೆ. ಈ ಸಲ ದೂರ, ಹತ್ತಿರ ಏನೂ ಹಿಡಿಯಲಿಲ್ಲ. ಹಾಳೆ ಕೈಗೆ ಬಂದ ಕೂಡಲೇ ತೊಂಬತ್ತರ ಆ ಮುದುಕಿ ನೆಟ್ಟಗೆ ಕೂತರು.

"ಅಯ್ಯೋ ಕಳ್ಳೀ! ಇದು ನನ್ ಕುಪ್ಪಸ ಕಣೇ! ತೋಳ್ಗೆ ಲೇಸು ಹಾಕ್ಸಿ ನಾನ್ ಇಟ್ಕೊಂಡಿದ್ದು. ನಂಗೆ ಒಂದ್ ಮಾತು ಹೇಳ್ದೆ ಹಾಕ್ಕೊಂಡ್ಬುಟ್ಟವ್ಳೆ!" ಆಮೇಲೆ ಬೆರಳಿನಿಂದ ಆ ಮುಖವನ್ನು ಸವರುತ್ತ, ನಗುತ್ತಲೇ ಅಳತೊಡಗಿದರು. "ಮದ್ವೇಲೆಲ್ಲ ಹುಡುಕ್ದೆ ನಾನು ಈ ಕುಪ್ಪಸನ. ನನ್ ಕಣ್ ತಪ್ಸಿ ನೀನೇ ಹಾಕ್ಕೊಂಡಿದ್ಯಾ. ಹಾಕ್ಕೋ ಬುಡು. ಚೆನ್ನಾಗ್ ಕಾಣ್ತೀಯ." ಹಾಳೆಯನ್ನು ತಂಗಿಯ ಮಗಳ ಕಡೆ ತಿರುಗಿಸಿದರು. "ಇವ್ಳೇ ಕಣ್ ಮಗ. ಇವ್ಳೇ ನಿಮ್ಮವ್ವ. ನೋಡ್ಕೋ."

ನಾನು ಆಗ ಎಲ್ಲಿ ನೋಡುವುದೆಂದು ತಿಳಿಯದೆ ಕೋಳಿಗಳನ್ನು ಓಡಿಸಿದೆ. ನನ್ನ ಗಂಡ ಕಾರಿನ ಚಕ್ರ ನೋಡಲು ಹೋದರು, ಚಕ್ರಕ್ಕೆ ಏನೂ ಆಗಿರಲಿಲ್ಲ. ಹೆಗ್ಗದ್ದೆಯಾಕೆ ಕಣದ ಅಂಚಿನಲ್ಲೇ ನೆಲಕ್ಕೆ ಕೂತು ಬಹಳ ಹೊತ್ತು ನೋಡಿದರು. "ಎಷ್ಟು ಚಿಕ್ಕೋಳು" ಎಂದರು. "ನನ್ ಮಗಳಿಗಿಂತ ಚಿಕ್ಕೋಳು."

ಆಗ ಎರಡನೇ ಚಿತ್ರ ಕೊಟ್ಟೆ. ಇದು ಆಲ್ಬಮ್ಮಿನಲ್ಲಿ ಯಾವತ್ತೂ ಇರಲಿಲ್ಲ, ಇದುವರೆಗೆ ಯಾರೂ ನೋಡಿಲ್ಲ, ನಿಮ್ಮ ದೊಡ್ಡವ್ವನೂ ನೋಡಿಲ್ಲ ಎಂದು ಹೇಳಿದೆ. ಅದರಲ್ಲಿ ಕೂಸು ಎರಡೂ ಕೈಯಿಂದ ತಾಯಿಯ ಸೆರಗನ್ನು ಹಿಡಿದು ಬಾಯಿಗೆ ತುರುಕಿಕೊಂಡಿದೆ. ತಾಯಿ ಮುಖ ಬಗ್ಗಿಸಿ, ಕ್ಯಾಮೆರಾವನ್ನೂ ಮದುವೆಯನ್ನೂ ಮರೆತು, ಬಾಯ್ತುಂಬ ನಗುತ್ತಿದ್ದಾಳೆ.

"ನನ್ನೇ ನೋಡ್ತಾವ್ಳೆ" ಎಂದರು ಹೆಗ್ಗದ್ದೆಯಾಕೆ. ದೊಡ್ಡವ್ವನ ಕಡೆ ತಿರುಗಿ ಮತ್ತೆ ಜೋರಾಗಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ದೊಡ್ಡವ್ವ, ನಮ್ಮವ್ವ ನನ್ನೇ ನೋಡ್ತಾವ್ಳೆ!"